ಪಂಡಿತಾ ರಮಾಬಾಯಿ: ದೀಕ್ಷಾಸ್ನಾನದಿಂದ ಮುಕ್ತಿಯವರೆಗೆ

1

ಮತಾಂತರ ಎಂಬ ಮಾತು ನಮ್ಮ ವಿದ್ವತ್ ವಲಯದಲ್ಲಿ ಬಹುಮಟ್ಟಿಗೆ ಸಾಮಾಜಿಕ ಅರ್ಥದಲ್ಲಿಯೇ ಬಳಕೆಯಾಗುತ್ತ ಬಂದಿದೆ. ಒಂದು ಧರ್ಮವನ್ನು ಬಿಟ್ಟು ಇನ್ನೊಂದನ್ನು ಸೇರುವುದು, ಅದರಿಂದ ಜಾತಿ, ಬಂಧುತ್ವ, ಸಾಮಾಜಿಕ ಸ್ಥಾನಮಾನಗಳಲ್ಲಿ ಉಂಟಾಗುವ ಪಲ್ಲಟಗಳು ಚರ್ಚೆಯ ಮುನ್ನೆಲೆಗೆ ಬರುತ್ತವೆ. ಆದರೆ ಕ್ರೈಸ್ತ ಪರಂಪರೆಯೊಳಗೆ ಈ ಹೊರಗಿನ ಬದಲಾವಣೆಯಿಂದ ಬೇರೆಯಾಗಿ ಗುರುತಿಸಬೇಕಾದ ಇನ್ನೊಂದು ಪರಿಕಲ್ಪನೆಯಿದೆ. ಕುಸಿದುಹೋದ ಜೀವವೊಂದು ದೇವರೊಡನೆ ಮರಳಿ ಸಂಬಂಧ ಕೂಡಿಸಿಕೊಂಡು ಹೊಸ ಗುರುತಿನೊಡನೆ ಬದುಕತೊಡಗುವುದನ್ನು ಆ ಪರಂಪರೆ ಹೊಸ ಹುಟ್ಟು ಎಂದು ಕರೆಯುತ್ತದೆ. ಭವಿಯಾಗಿದ್ದವರು ದೀಕ್ಷೆಯಿಂದ ಭಕ್ತರಾಗಿ ಪುನರ್ಜಾತರಾಗುತ್ತಾರೆಂಬ ಶರಣರ ತಿಳಿವಳಿಕೆಯನ್ನು ಬಲ್ಲ ಕನ್ನಡ ಓದುಗರಿಗೆ ಈ ಪರಿಕಲ್ಪನೆ ತೀರ ಅಪರಿಚಿತವೇನಲ್ಲ. ಆದರೂ ಮತಾಂತರ ಮತ್ತು ಹೊಸ ಹುಟ್ಟು ಇವೆರಡೂ ಒಂದೇ ದಿನ, ಒಂದೇ ವಿಧಿಯಲ್ಲಿ ಸಂಭವಿಸುತ್ತವೆಯೇ ಎಂಬ ಪ್ರಶ್ನೆ ಉಳಿಯುತ್ತದೆ.

ಈ ಪ್ರಶ್ನೆಯನ್ನು ಇಟ್ಟುಕೊಂಡು ಪಂಡಿತಾ ರಮಾಬಾಯಿ (1858-1922) ಅವರ ಜೀವನವನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ರಮಾಬಾಯಿಯವರನ್ನು ಕುರಿತ ಬರವಣಿಗೆ ಬಹುಕಾಲ ಎರಡು ದಾರಿಗಳಲ್ಲಿ ಸಾಗಿತು. ಸುಧಾರಣೆಯ ಇತಿಹಾಸವನ್ನು ಬರೆದವರು ಅವರ ಪೂರ್ವಾರ್ಧವನ್ನು ಮೆಚ್ಚಿ ಉತ್ತರಾರ್ಧದ ಬಗ್ಗೆ ಮೌನ ವಹಿಸಿದರು. ಮಿಷನರಿ ಚರಿತ್ರಕಾರರು ಉತ್ತರಾರ್ಧವನ್ನು ಕೊಂಡಾಡಿ, ಪೂರ್ವಾರ್ಧವನ್ನು ಅದರ ಪೀಠಿಕೆಯ ಮಟ್ಟಕ್ಕೆ ಇಳಿಸಿದರು. 1998ರಲ್ಲಿ ಪ್ರಕಟವಾದ ಉಮಾ ಚಕ್ರವರ್ತಿ ಮತ್ತು ಗೌರಿ ವಿಶ್ವನಾಥನ್ ಅವರ ಗ್ರಂಥಗಳು, ಮೀರಾ ಕೋಸಂಬಿಯವರ ಅನುವಾದ ಹಾಗೂ ಅಧ್ಯಯನಗಳು ಈ ಒಡಕನ್ನು ಪ್ರಶ್ನಿಸಿದವು. ಅವುಗಳ ಬೆಳಕಿನಲ್ಲಿ ನೋಡಿದಾಗ, ರಮಾಬಾಯಿಯವರ ಬದುಕಿನಲ್ಲಿ 1883ರ ದೀಕ್ಷಾಸ್ನಾನಕ್ಕೂ 1891ರ ಸುಮಾರಿನ ಆಂತರಿಕ ಅನುಭವಕ್ಕೂ ನಡುವೆ ಇರುವ ಎಂಟು ವರ್ಷಗಳ ಅಂತರವೇ ಅವರನ್ನು ಅರಿಯುವ ಮುಖ್ಯ ಕೀಲಿಕೈ ಎಂಬುದು ಈ ಲೇಖನದ ನಿಲುವು.

2

ರಮಾಬಾಯಿಯವರು 1858ರ ಏಪ್ರಿಲ್ 23ರಂದು ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಜನಿಸಿದರು. ತುಂಗಾ, ಭದ್ರಾ, ನೇತ್ರಾವತಿ ನದಿಗಳು ಹುಟ್ಟುವ ಈ ಸ್ಥಳ ಇಂದು ಕುದುರೆಮುಖ ಸೀಮೆಗೆ ಸೇರಿದೆ. ತಂದೆ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಬಳಿಯ ಮಾಳ ಗ್ರಾಮದ ಚಿತ್ಪಾವನ ಬ್ರಾಹ್ಮಣರು. ಪುಣೆಯಲ್ಲಿ ಸಂಸ್ಕೃತ ಕಲಿಯುತ್ತಿದ್ದಾಗ ತಮ್ಮ ಗುರುಗಳು ಪೇಶ್ವೆಯ ಅಂತಃಪುರದಲ್ಲಿ ಸ್ತ್ರೀಗೆ ಪಾಠ ಹೇಳುತ್ತಿದ್ದುದನ್ನು ಕಂಡು, ತಾವೂ ಪತ್ನಿಗೆ ಸಂಸ್ಕೃತ ಕಲಿಸಬೇಕೆಂದು ಅವರು ಸಂಕಲ್ಪಿಸಿದರು. ಎರಡನೆಯ ಪತ್ನಿ ಲಕ್ಷ್ಮೀಬಾಯಿಯವರಿಗೆ ಅದನ್ನು ಕಲಿಸಿಯೂ ಕಲಿಸಿದರು. ಇದಕ್ಕೆ ಸಂಪ್ರದಾಯಸ್ಥರು ಆಕ್ಷೇಪಿಸಿದಾಗ ಉಡುಪಿಯಲ್ಲಿ ವಿದ್ವಾಂಸರೆದುರು ಶಾಸ್ತ್ರಾಧಾರಗಳೊಡನೆ ತಮ್ಮ ನಿಲುವನ್ನು ಸಮರ್ಥಿಸಿಕೊಂಡರು. ಊರಿನ ಕಿರುಕುಳದಿಂದ ದೂರವಿರಲು ಕಾಡಿನೊಳಗೆ ಮನೆ ಕಟ್ಟಿಕೊಂಡರು. ರಮಾಬಾಯಿಯವರಿಗೆ ಅಕ್ಷರವನ್ನೂ ಶ್ಲೋಕವನ್ನೂ ಕಲಿಸಿದವರು ಈ ತಾಯಿಯೇ ಎಂಬುದು ಗಮನಾರ್ಹ.

ಮಗುವಿಗೆ ಆರು ತಿಂಗಳಾಗಿದ್ದಾಗ ಸಂಸಾರವು ಸಾಲಸೋಲದಿಂದ ಬರಿಗೈಯಾಗಿ ಗಂಗಾಮೂಲವನ್ನು ತೊರೆಯಿತು. ಬೆತ್ತದ ಪೆಟ್ಟಿಗೆಯಲ್ಲಿ ಮಲಗಿಸಿದ ಕೂಸನ್ನು ಹೊರಿಸಿಕೊಂಡು ಘಟ್ಟ ಇಳಿದ ಈ ಕುಟುಂಬ ಮುಂದೆ ಕ್ಷೇತ್ರದಿಂದ ಕ್ಷೇತ್ರಕ್ಕೆ ಪುರಾಣ ಹೇಳುತ್ತ ಅಲೆಯಿತು. 1870ರ ದಶಕದ ಬರಗಾಲದಲ್ಲಿ ಈ ಅಲೆದಾಟ ದುರಂತವಾಗಿ ಪರಿಣಮಿಸಿತು. 1874ರಲ್ಲಿ ತಂದೆ, ಅನಂತರ ಸ್ವಲ್ಪ ಕಾಲದಲ್ಲಿಯೇ ತಾಯಿ, ಬಳಿಕ ಅಕ್ಕ ಕೃಷ್ಣಾಬಾಯಿ ತೀರಿಕೊಂಡರು. ಉಳಿದವರು ರಮಾಬಾಯಿ ಮತ್ತು ಅಣ್ಣ ಶ್ರೀನಿವಾಸಶಾಸ್ತ್ರಿ. ಅವರಿಬ್ಬರೂ ಸಾವಿರಾರು ಮೈಲಿ ನಡೆದರು. ಇದ್ದ ಹಣವನ್ನೆಲ್ಲ ದಾನಧರ್ಮಗಳಿಗೆ ಸುರಿದು, ವ್ರತನಿಯಮಗಳಲ್ಲಿ ಒಂದನ್ನೂ ಬಿಡದೆ ಪಾಲಿಸಿದ ತಂದೆತಾಯಿ ಹಸಿವಿನಿಂದ ಸತ್ತದ್ದು ಮಕ್ಕಳ ನಂಬಿಕೆಯ ಬೇರನ್ನು ಅಲುಗಾಡಿಸಿತು. ದೇವರು ಉತ್ತರಿಸಲಿಲ್ಲವೆಂಬ ಈ ಮೊದಲ ನಿರಾಶೆಯನ್ನು ಬಿಟ್ಟು ಮುಂದಿನ ಅವರ ಹುಡುಕಾಟವನ್ನು ವಿವರಿಸಲಾಗದು.

1878ರಲ್ಲಿ ಕಲ್ಕತ್ತೆಗೆ ಬಂದ ಈ ತರುಣಿಯ ಸಂಸ್ಕೃತ ಪಾಂಡಿತ್ಯಕ್ಕೆ ಅಲ್ಲಿನ ವಿದ್ವಾಂಸರು ಬೆರಗಾಗಿ ಪಂಡಿತಾ, ಸರಸ್ವತಿ ಎಂಬ ಬಿರುದುಗಳನ್ನು ನೀಡಿದರು. ಸ್ತ್ರೀಧರ್ಮವನ್ನು ಕುರಿತು ಮಹಿಳೆಯರಿಗೆ ಉಪನ್ಯಾಸ ನೀಡಬೇಕೆಂದು ಕೇಳಿಕೊಂಡಾಗ ರಮಾಬಾಯಿಯವರು ಧರ್ಮಶಾಸ್ತ್ರಗಳನ್ನು ಹೊಸದಾಗಿ ಓದಬೇಕಾಯಿತು. ಅವರಿಗೆ ಆಘಾತವಾದದ್ದು ಇಲ್ಲಿಯೇ. ಬೇರೆಲ್ಲ ವಿಷಯಗಳಲ್ಲಿ ಪರಸ್ಪರ ಭಿನ್ನವಾಗಿ ನುಡಿಯುವ ಈ ಗ್ರಂಥಗಳು ಸ್ತ್ರೀಯರನ್ನೂ ಶೂದ್ರರನ್ನೂ ಕೀಳಾಗಿ ಕಾಣುವುದರಲ್ಲಿ ಒಮ್ಮತ ಹೊಂದಿವೆ ಎಂಬ ತೀರ್ಮಾನಕ್ಕೆ ಅವರು ಬಂದರು. ಹೆಣ್ಣು ಹೆಣ್ಣಾಗಿಯೇ ಮೋಕ್ಷ ಪಡೆಯಲಾರಳು, ಗಂಡಾಗಿ ಮರಳಿ ಹುಟ್ಟುವವರೆಗೂ ಅವಳಿಗೆ ಆ ದಾರಿ ಮುಚ್ಚಿದೆ ಎಂದು ಅವರಿಗೆ ಮನವರಿಕೆಯಾಯಿತು. ಈ ತೀರ್ಮಾನದ ಶಾಸ್ತ್ರೀಯ ಸಾಧುತ್ವವನ್ನು ಕುರಿತು ವಾದಿಸಲು ಅವಕಾಶವಿದೆ. ಆದರೆ ರಮಾಬಾಯಿಯವರಿಗೆ ಅದು ವಾದದ ವಿಷಯವಾಗಿರಲಿಲ್ಲ, ತಮ್ಮ ಆತ್ಮದ ಗತಿಯ ಪ್ರಶ್ನೆಯಾಗಿತ್ತು. ತಮ್ಮ ಸಂಸ್ಥೆಗೆ ಮುಂದೆ ಅವರು ಮುಕ್ತಿ ಎಂದು ಹೆಸರಿಟ್ಟುದರ ಮೂಲ ಈ ಓದಿನಲ್ಲಿದೆ.

1880ರಲ್ಲಿ ಅಣ್ಣ ಢಾಕಾದಲ್ಲಿ ತೀರಿಕೊಂಡನು. ಅದೇ ವರ್ಷ ನವೆಂಬರ್‌ನಲ್ಲಿ ರಮಾಬಾಯಿಯವರು ಬಂಗಾಳದ ಕಾಯಸ್ಥ ವಕೀಲ ಬಿಪಿನ್ ಬಿಹಾರಿ ಮೇಧಾವಿಯವರನ್ನು ನಾಗರಿಕ ಪದ್ಧತಿಯಲ್ಲಿ ವಿವಾಹವಾದರು. ಜಾತಿಯನ್ನೂ ಪ್ರಾಂತವನ್ನೂ ಮೀರಿದ ಈ ವಿವಾಹ ಇಬ್ಬರನ್ನೂ ಸ್ವಜನರಿಂದ ದೂರ ಮಾಡಿತು. ಅಸ್ಸಾಮಿನ ಸಿಲ್ಚರ್‌ನಲ್ಲಿ ಸಂಸಾರ ಹೂಡಿದ್ದಾಗ ಬಂಗಾಳಿ ಭಾಷೆಯ ಲೂಕನ ಸುವಾರ್ತೆಯ ಪ್ರತಿಯೊಂದು ಅವರ ಕೈಸೇರಿತು. ಬ್ಯಾಪ್ಟಿಸ್ಟ್ ಮಿಷನರಿಯೊಬ್ಬರು ಮನೆಗೆ ಬಂದು ಸೃಷ್ಟಿಯ ವೃತ್ತಾಂತವನ್ನು ವಿವರಿಸತೊಡಗಿದರು. ಮಿಷನ್ ಶಾಲೆಯಲ್ಲಿ ಓದಿದ್ದ ಪತಿಗೆ ಬೈಬಲ್ಲಿನ ಪರಿಚಯವಿದ್ದರೂ ಪತ್ನಿ ಬಹಿರಂಗವಾಗಿ ಕ್ರೈಸ್ತಳಾಗುವುದು ಇಷ್ಟವಿರಲಿಲ್ಲ. 1881ರ ಏಪ್ರಿಲ್‌ನಲ್ಲಿ ಮಗಳು ಮನೋರಮಾ ಹುಟ್ಟಿದಳು. 1882ರ ಫೆಬ್ರವರಿಯಲ್ಲಿ ಕಾಲರಾ ಬಿಪಿನ್ ಬಿಹಾರಿಯವರನ್ನು ಬಲಿ ತೆಗೆದುಕೊಂಡಿತು. ಇಪ್ಪತ್ತಮೂರರ ಹರೆಯದಲ್ಲಿ, ಕೈಗೂಸಿನೊಡನೆ ರಮಾಬಾಯಿ ವಿಧವೆಯಾದರು.

3

ವಿಧವೆಗೆ ಮೂಲೆಯೊಂದನ್ನು ಗೊತ್ತುಮಾಡಿಟ್ಟಿದ್ದ ಸಮಾಜದಲ್ಲಿ ರಮಾಬಾಯಿಯವರು ಪುಣೆಗೆ ಬಂದು ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ಮರಾಠಿಯಲ್ಲಿ ಸ್ತ್ರೀಧರ್ಮನೀತಿ ಎಂಬ ಗ್ರಂಥವನ್ನು ಪ್ರಕಟಿಸಿದರು. 1882ರ ಹಂಟರ್ ಶಿಕ್ಷಣ ಆಯೋಗದ ಮುಂದೆ ಸಾಕ್ಷ್ಯ ನುಡಿದು, ಮಹಿಳಾ ಶಿಕ್ಷಕಿಯರ ಮತ್ತು ವೈದ್ಯೆಯರ ಅಗತ್ಯವನ್ನು ಮನಗಾಣಿಸಿದರು. ಇದೇ ಕಾಲದಲ್ಲಿ ನೆಹೆಮಿಯಾ ಗೋರೆಯವರ ಸಂಪರ್ಕವೂ ಒದಗಿತು. ಇವರು ಕಾಶಿಯಲ್ಲಿ ನೆಲೆಸಿದ್ದ ಚಿತ್ಪಾವನ ಮನೆತನದ ನೀಲಕಂಠಶಾಸ್ತ್ರಿಗಳು. ಷಡ್ದರ್ಶನಗಳನ್ನು ಬಲ್ಲವರು, ಕ್ರೈಸ್ತರಾಗಿದ್ದವರು. ಬ್ರಾಹ್ಮೋ ಸಮಾಜದ ಏಕದೇವೋಪಾಸನೆಯಿಂದ ತೃಪ್ತರಾಗದಿದ್ದ ರಮಾಬಾಯಿಯವರಿಗೆ ಗೋರೆಯವರ ತರ್ಕ ಹಿಡಿಸಿತು. ಹೀಗಾಗಿ ಅವರ ಮೊದಲ ಒಲವು ಬಹುಮಟ್ಟಿಗೆ ಬೌದ್ಧಿಕವಾದುದು ಎಂಬುದನ್ನು ಇಲ್ಲಿ ಗುರುತಿಸಬೇಕು.

ಗ್ರಂಥದಿಂದ ಬಂದ ಹಣದಲ್ಲಿ ಪ್ರಯಾಣ ಬೆಳೆಸಿ 1883ರಲ್ಲಿ ಇಂಗ್ಲೆಂಡಿಗೆ ಹೋದ ರಮಾಬಾಯಿ, ವಾಂಟೇಜ್‌ನ ಆಂಗ್ಲಿಕನ್ ಸನ್ಯಾಸಿನಿಯರ ಮಠದಲ್ಲಿ ಉಳಿದರು. ವೈದ್ಯಶಿಕ್ಷಣ ಪಡೆಯುವುದು ಅವರ ಉದ್ದೇಶವಾಗಿತ್ತು. ಕಿವಿ ಮಂದವಾಗಿದ್ದುದರಿಂದ ಅದು ಕೈಗೂಡಲಿಲ್ಲ. ಆದರೆ ಮಠದವರು ಲಂಡನ್ನಿನ ಫುಲ್‌ಹ್ಯಾಮ್‌ನಲ್ಲಿ ನಡೆಸುತ್ತಿದ್ದ ಆಶ್ರಯಧಾಮದ ಭೇಟಿ ಅವರ ಬದುಕಿನ ದಿಕ್ಕನ್ನು ನಿರ್ಧರಿಸಿತು. ಸಮಾಜ ಪತಿತೆಯರೆಂದು ದೂರವಿಟ್ಟಿದ್ದ ಹೆಂಗಸರನ್ನು ಅಲ್ಲಿ ಅಸಹ್ಯವಿಲ್ಲದೆ ಸಲಹಲಾಗುತ್ತಿತ್ತು. ಅವರು ಮತ್ತೆ ತಲೆಯೆತ್ತಿ ಬದುಕಬಲ್ಲರೆಂಬ ವಿಶ್ವಾಸ ಅಲ್ಲಿತ್ತು. ಈ ಕರುಣೆಯ ಮೂಲವೇನೆಂದು ವಿಚಾರಿಸಿದಾಗ, ಬಾವಿಕಟ್ಟೆಯಲ್ಲಿ ಕ್ರಿಸ್ತನು ಸಮಾರ್ಯದ ಹೆಂಗಸಿನೊಡನೆ ಮಾತನಾಡಿದ ಪ್ರಸಂಗವನ್ನು ಸನ್ಯಾಸಿನಿಯೊಬ್ಬರು ಓದಿ ಹೇಳಿದರು. ತಾವು ಓದಿದ್ದ ಶಾಸ್ತ್ರಗಳಲ್ಲಿ ಇಂಥ ಹೆಂಗಸಿಗೆ ದಂಡನೆಯಿದೆಯೇ ಹೊರತು ಮರಳಿ ಬರುವ ದಾರಿಯಿಲ್ಲ ಎಂಬ ಹೋಲಿಕೆ ರಮಾಬಾಯಿಯವರ ಮನಸ್ಸಿನಲ್ಲಿ ಮೂಡಿತು. 1883ರ ಸೆಪ್ಟೆಂಬರ್ 29ರಂದು ಮಗಳೊಡನೆ ಅವರು ವಾಂಟೇಜ್‌ನಲ್ಲಿ ದೀಕ್ಷಾಸ್ನಾನ ಪಡೆದರು.

ಈ ಸುದ್ದಿ ಮಹಾರಾಷ್ಟ್ರದಲ್ಲಿ ಕೋಲಾಹಲವನ್ನೇ ಎಬ್ಬಿಸಿತು. ಆದರೆ ಜೋತಿರಾವ್ ಫುಲೆಯವರು 1885ರ ತಮ್ಮ ಸತ್ಸಾರ್ ಪತ್ರಿಕೆಯಲ್ಲಿ ರಮಾಬಾಯಿಯವರ ನಿರ್ಧಾರವನ್ನು ಸಮರ್ಥಿಸಿದರು. ಇತ್ತ ಚರ್ಚಿನೊಳಗೂ ಸಂಘರ್ಷ ಆರಂಭವಾಯಿತು. ತಮ್ಮ ಧರ್ಮಮಾತೆಯಾಗಿದ್ದ ಸಿಸ್ಟರ್ ಜೆರಾಲ್ಡೀನ್ ಅವರೊಡನೆ ರಮಾಬಾಯಿ ನಡೆಸಿದ ಪತ್ರವ್ಯವಹಾರ 1977ರಲ್ಲಿ ಗ್ರಂಥರೂಪದಲ್ಲಿ ಪ್ರಕಟವಾಗಿದೆ. ಅದು ಈ ಸಂಘರ್ಷದ ಮುಖ್ಯ ದಾಖಲೆ. ತ್ರಿತ್ವ ಸಿದ್ಧಾಂತದ ಬಗ್ಗೆ ರಮಾಬಾಯಿಯವರಿಗೆ ಸಂದೇಹಗಳಿದ್ದವು. ಬೈಬಲ್ಲನ್ನು ಸ್ವತಃ ಓದಿ ಮನಗಂಡುದನ್ನು ಮಾತ್ರ ನಂಬುವೆನೆಂದು ಅವರು ಪಟ್ಟು ಹಿಡಿದರು. ಒಂದು ಪುರೋಹಿತಶಾಹಿಯಿಂದ ಬಿಡಿಸಿಕೊಂಡು ಬಂದವರು ಇನ್ನೊಂದಕ್ಕೆ ಕೊರಳೊಡ್ಡಲು ಸಿದ್ಧರಿರಲಿಲ್ಲ. ಚೆಲ್ಟನ್‌ಹ್ಯಾಮ್ ಮಹಿಳಾ ಕಾಲೇಜಿನಲ್ಲಿದ್ದಾಗ ಅವರು ಗಂಡುಮಕ್ಕಳಿಗೆ ಪಾಠ ಹೇಳುವುದಕ್ಕೆ ಬಿಷಪ್‌ಗಳಿಂದ ಆಕ್ಷೇಪ ಬಂದಿತು. ತಾಯ್ನಾಡಿನಲ್ಲಿ ಗಂಡಸರ ಸಭೆಗಳಲ್ಲಿಯೇ ಮಾತನಾಡಿದ್ದ ಪಂಡಿತೆಗೆ ಇದು ಅವಮಾನವೆನಿಸಿತು. ಕೊರಳ ಶಿಲುಬೆಯ ಮೇಲೆ ಲ್ಯಾಟಿನ್ ಅಕ್ಷರಗಳೇ ಏಕಿರಬೇಕು, ಸಂಸ್ಕೃತವೇಕೆ ಆಗದು ಎಂಬುದು ಅವರ ಇನ್ನೊಂದು ತಕರಾರು. ಸಸ್ಯಾಹಾರವನ್ನೂ ಅವರು ಬಿಡಲಿಲ್ಲ.

ಇವುಗಳನ್ನು ಕೇವಲ ಹಟವೆಂದು ತಿಳಿಯುವುದು ಸರಿಯಲ್ಲ. ಹೊಸ ಧರ್ಮವು ಕೊಡುವ ಹೊಸ ಗುರುತು ಯಾರ ಒಡೆತನದ್ದು ಎಂಬ ಮೂಲಭೂತ ಪ್ರಶ್ನೆ ಇಲ್ಲಿದೆ. ಕ್ರಿಸ್ತನನ್ನು ಸ್ವೀಕರಿಸುವುದೆಂದರೆ ಆಂಗ್ಲಿಕನ್ ಶಿಸ್ತನ್ನೂ ಆಳುವವರ ಆಚಾರವನ್ನೂ ಜೊತೆಗೇ ಸ್ವೀಕರಿಸುವುದಲ್ಲ ಎಂದು ವಸಾಹತುಶಾಹಿಯ ಹೃದಯಭಾಗದಲ್ಲಿ ನಿಂತು ಅವರು ವಾದಿಸಿದರು. ಗೌರಿ ವಿಶ್ವನಾಥನ್ ಅವರು ರಮಾಬಾಯಿಯವರ ಮತಾಂತರವನ್ನು ಭಿನ್ನಮತದ ಒಂದು ರೂಪವೆಂದು ಓದಿರುವುದಕ್ಕೆ ಇದೇ ಆಧಾರ.

4

1886ರಲ್ಲಿ ಬಂಧುವೂ ಆಗಿದ್ದ ಆನಂದೀಬಾಯಿ ಜೋಶಿಯವರು ವೈದ್ಯಪದವಿ ಪಡೆಯುವ ಸಮಾರಂಭಕ್ಕಾಗಿ ರಮಾಬಾಯಿಯವರು ಅಮೆರಿಕದ ಫಿಲಡೆಲ್ಫಿಯಾಕ್ಕೆ ಹೋದರು. ಮೇಲ್ಜಾತಿಯ ಹಿಂದೂ ಸ್ತ್ರೀಯರ ಸ್ಥಿತಿಯನ್ನು ಕುರಿತ ಅವರ ಇಂಗ್ಲಿಷ್ ಗ್ರಂಥ 1887ರಲ್ಲಿ ಪ್ರಕಟವಾಯಿತು. ಅದೇ ವರ್ಷ ಬಾಸ್ಟನ್ನಿನಲ್ಲಿ ರಮಾಬಾಯಿ ಅಸೋಸಿಯೇಷನ್ ಸ್ಥಾಪನೆಗೊಂಡು ಹತ್ತು ವರ್ಷಗಳ ನೆರವಿಗೆ ಒಪ್ಪಿತು. 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ಆರಂಭವಾಯಿತು. ಮರುವರ್ಷ ಅದು ಪುಣೆಗೆ ಸ್ಥಳಾಂತರಗೊಂಡಿತು. ಸದನದಲ್ಲಿ ಧರ್ಮಬೋಧನೆ ಇರಲಿಲ್ಲ. ಬ್ರಾಹ್ಮಣ ವಿಧವೆಯರು ತಮ್ಮ ಆಚಾರಗಳನ್ನು ಪಾಲಿಸಲು ಅವಕಾಶವಿತ್ತು. ರಾನಡೆ, ಭಂಡಾರ್ಕರ್ ಮೊದಲಾದವರು ಸಲಹಾ ಸಮಿತಿಯಲ್ಲಿದ್ದರು. ಸದನದ ಮೊದಲ ವಿಧವಾ ವಿದ್ಯಾರ್ಥಿನಿ ಗೋದೂಬಾಯಿ 1893ರಲ್ಲಿ ಧೋಂಡೋ ಕೇಶವ ಕರ್ವೆಯವರನ್ನು ವಿವಾಹವಾದರು.

ಹೊರಗೆ ಯಶಸ್ಸು ಕಾಣುತ್ತಿದ್ದ ಇದೇ ಅವಧಿಯಲ್ಲಿ ರಮಾಬಾಯಿಯವರ ಒಳಬದುಕು ಬರಡಾಗಿತ್ತು. 1907ರಲ್ಲಿ ಪ್ರಕಟವಾದ ತಮ್ಮ ಆತ್ಮಸಾಕ್ಷ್ಯದಲ್ಲಿ ಅವರು ಇದನ್ನು ನಿಸ್ಸಂಕೋಚವಾಗಿ ದಾಖಲಿಸಿದ್ದಾರೆ. ದೀಕ್ಷಾಸ್ನಾನವಾಗಿ ಎಂಟು ವರ್ಷಗಳು ಕಳೆದ ಮೇಲೆ ತಮಗೆ ದೊರೆತದ್ದು ಕ್ರೈಸ್ತ ಧರ್ಮವೇ ಹೊರತು ಕ್ರಿಸ್ತನಲ್ಲ ಎಂಬ ಅರಿವು ಅವರಿಗಾಯಿತು. ಸಿದ್ಧಾಂತಗಳು ಬುದ್ಧಿಗೆ ಒಪ್ಪಿಗೆಯಾಗಿದ್ದರೂ ಪಾಪದ ಭಾರ ಇಳಿದಿರಲಿಲ್ಲ. ಆ ಹೊತ್ತಿನಲ್ಲಿ ವಿಲಿಯಂ ಹ್ಯಾಸ್ಲಮ್ ಎಂಬ ಆಂಗ್ಲ ಪಾದ್ರಿಯ ಆತ್ಮಕಥನ ಅವರ ಕೈಗೆ ಬಂದಿತು. ಪಾದ್ರಿಯಾಗಿ ವರ್ಷಗಳ ಕಾಲ ಬೋಧಿಸಿದ ಮೇಲೆ, ಒಂದು ದಿನ ಉಪದೇಶಪೀಠದಲ್ಲಿ ನಿಂತಿದ್ದಾಗಲೇ ನಿಜವಾದ ಪರಿವರ್ತನೆಗೊಂಡವನ ಕಥೆ ಅದು. ಚರ್ಚಿನ ಅಧಿಕೃತ ಸದಸ್ಯತ್ವವೂ ಹೊಸ ಹುಟ್ಟೂ ಬೇರೆಬೇರೆ ಎಂಬ ಸುವಾರ್ತಿಕ ಪರಂಪರೆಯ ತಿಳಿವಳಿಕೆಯನ್ನು ರಮಾಬಾಯಿಯವರು ಈ ಪುಸ್ತಕದಲ್ಲಿ ಕಂಡರು. ಅರ್ಹತೆಯನ್ನು ಗಳಿಸಿಕೊಂಡು ದೇವರ ಬಳಿಗೆ ಹೋಗಬೇಕಾಗಿಲ್ಲ, ಇರುವ ಸ್ಥಿತಿಯಲ್ಲಿಯೇ ಕ್ಷಮೆ ಸಿಕ್ಕುತ್ತದೆ ಎಂಬುದು ಅವರಿಗೆ ಮನದಟ್ಟಾಯಿತು.

ಬಾಲ್ಯದಲ್ಲಿ ಅವರು ಕಂಡದ್ದು ಪುಣ್ಯ ಗಳಿಸುತ್ತ ಗಳಿಸುತ್ತ ಹಸಿವಿನಿಂದ ಸತ್ತ ತಂದೆತಾಯಿಯನ್ನು. ಯೌವನದಲ್ಲಿ ಓದಿದ್ದು ಹೆಣ್ಣುಜನ್ಮವೇ ಅನರ್ಹತೆಯೆಂಬ ಶಾಸ್ತ್ರವನ್ನು. ಗಳಿಕೆಯ ಲೆಕ್ಕವಿಲ್ಲದ ಕ್ಷಮೆ ಈ ಎರಡು ಗಾಯಗಳನ್ನೂ ಏಕಕಾಲಕ್ಕೆ ಮುಟ್ಟಿತು. 1891ರ ಅನುಭವವನ್ನು ವಿದೇಶಿ ಪ್ರಭಾವದ ಪರಿಣಾಮವೆಂದಷ್ಟೇ ವಿವರಿಸಲು ಸಾಧ್ಯವಾಗದಿರುವುದು ಈ ಕಾರಣದಿಂದ.

ಈ ಪರಿವರ್ತನೆಗೆ ಅವರು ತೆತ್ತ ಬೆಲೆಯೂ ದೊಡ್ಡದು. ಬೆಳಗಿನ ಖಾಸಗಿ ಪ್ರಾರ್ಥನೆಯ ವೇಳೆ ರಮಾಬಾಯಿಯವರು ತಮ್ಮ ಕೋಣೆಯ ಬಾಗಿಲನ್ನು ತೆರೆದಿಡುತ್ತಿದ್ದರು. ಕೆಲವು ಹುಡುಗಿಯರು ತಾವಾಗಿ ಬಂದು ಕುಳಿತುಕೊಳ್ಳತೊಡಗಿದರು. ಸದನವು ಮತಾಂತರದ ಕೇಂದ್ರವಾಗುತ್ತಿದೆಯೆಂದು ತಿಲಕರ ಕೇಸರಿ ಪತ್ರಿಕೆ ಕಟುವಾಗಿ ಟೀಕಿಸಿತು. 1893ರಲ್ಲಿ ಸಲಹಾ ಸಮಿತಿಯ ಸುಧಾರಕರು ರಾಜೀನಾಮೆ ನೀಡಿದರು. ಪೋಷಕರು ಹಲವು ಹುಡುಗಿಯರನ್ನು ಬಿಡಿಸಿಕೊಂಡು ಹೋದರು. ಧರ್ಮನಿರಪೇಕ್ಷ ಸಂಸ್ಥೆಯೆಂಬ ಭರವಸೆಯನ್ನು ನಂಬಿ ಬಂದಿದ್ದವರ ಅಸಮಾಧಾನದಲ್ಲಿ ನ್ಯಾಯವಿಲ್ಲವೆಂದು ಹೇಳಲಾಗದು. ಅದೇ ರೀತಿ, ತನ್ನ ಮನೆಯೊಳಗಿನ ಪ್ರಾರ್ಥನೆಗೂ ಬಾಗಿಲು ಮುಚ್ಚಿಕೊಳ್ಳಬೇಕೆಂಬ ಒತ್ತಾಯವನ್ನು ಒಬ್ಬ ಹೆಂಗಸು ಒಪ್ಪಬೇಕಾಗಿತ್ತೆಂದೂ ಹೇಳಲಾಗದು. ಎರಡು ನ್ಯಾಯಗಳ ನಡುವಿನ ಈ ಇಕ್ಕಟ್ಟಿನಲ್ಲಿ ರಮಾಬಾಯಿಯವರು ಪುಣೆಯ ಸುಧಾರಕ ವಲಯವನ್ನು ಕಳೆದುಕೊಂಡರು.

5

1896-97ರಲ್ಲಿ ಮಧ್ಯಪ್ರಾಂತಗಳಲ್ಲಿ ಭೀಕರ ಬರಗಾಲ ತಲೆದೋರಿತು. ಇಪ್ಪತ್ತು ವರ್ಷಗಳ ಹಿಂದೆ ಸ್ವತಃ ಬರಕ್ಕೆ ತುತ್ತಾಗಿದ್ದ ರಮಾಬಾಯಿಯವರು ಅಲ್ಲಿಗೆ ಹೋಗಿ ಸುಮಾರು 300 ಹೆಂಗಸರು ಮತ್ತು ಹುಡುಗಿಯರನ್ನು ಕರೆತಂದರು. ಪುಣೆಯಲ್ಲಿ ಪ್ಲೇಗಿನ ನಿರ್ಬಂಧಗಳಿದ್ದುದರಿಂದ ಅವರಿಗೆ ಕೇಡಗಾವ್‌ನ ಜಮೀನಿನಲ್ಲಿ ನೆಲೆ ಕಲ್ಪಿಸಿದರು. ಪ್ಲೇಗ್ ಶಿಬಿರಗಳಲ್ಲಿ ಹೆಂಗಸರ ಬಗೆಗಿದ್ದ ಸರ್ಕಾರದ ನಿರ್ಲಕ್ಷ್ಯವನ್ನು 1897ರಲ್ಲಿ ಅವರು ಪತ್ರಿಕೆಯ ಮೂಲಕ ಬಯಲಿಗೆಳೆದರು. ಕ್ರೈಸ್ತರಾದ ಮಾತ್ರಕ್ಕೆ ಅವರು ಸರ್ಕಾರದ ಪಕ್ಷಪಾತಿಯಾಗಲಿಲ್ಲ ಎಂಬುದಕ್ಕೆ ಇದು ನಿದರ್ಶನ. ಕೇಡಗಾವ್‌ನ ನೆಲೆಯೇ 1898ರ ಹೊತ್ತಿಗೆ ಮುಕ್ತಿ ಸದನವಾಗಿ ರೂಪುಗೊಂಡಿತು. 1900ರ ಗುಜರಾತಿನ ಬರಗಾಲದ ತರುವಾಯ ಅಲ್ಲಿದ್ದವರ ಸಂಖ್ಯೆ 2000ದ ಸಮೀಪಕ್ಕೆ ಬೆಳೆಯಿತು.

ಶಾರದಾ ಸದನಕ್ಕೂ ಮುಕ್ತಿಗೂ ಇರುವ ವ್ಯತ್ಯಾಸ ಮುಖ್ಯವಾದುದು. ಮೊದಲನೆಯದು ಮೇಲ್ಜಾತಿಯ ವಿಧವೆಯರನ್ನು ಗಮನದಲ್ಲಿಟ್ಟುಕೊಂಡಿತ್ತು. ಎರಡನೆಯದು ಜಾತಿಯನ್ನು ಕೇಳದೆ ಎಲ್ಲರನ್ನೂ ಒಳಗೆ ಕರೆದುಕೊಂಡಿತು. ನೇಯ್ಗೆ, ಬೇಸಾಯ, ಹೈನುಗಾರಿಕೆ, ಅಚ್ಚುಕೆಲಸ ಮೊದಲಾದವನ್ನು ಅಲ್ಲಿ ಕಲಿಸಲಾಯಿತು. ಕುರುಡರಿಗೆ ಬ್ರೈಲ್ ಲಿಪಿಯ ಪಾಠಗಳಿದ್ದವು. ಪತಿತೆಯರೆನಿಸಿಕೊಂಡವರಿಗಾಗಿ ಕೃಪಾ ಸದನವೆಂಬ ಪ್ರತ್ಯೇಕ ವಿಭಾಗವಿತ್ತು. ಫುಲ್‌ಹ್ಯಾಮ್‌ನಲ್ಲಿ ಕಂಡದ್ದು ಇಲ್ಲಿ ನೆಲೆಗೊಂಡಿತು. ಕೃಪೆ ಎಂಬ ಹೆಸರನ್ನು ರಮಾಬಾಯಿಯವರು ಅಲಂಕಾರಕ್ಕಾಗಿ ಆರಿಸಿಕೊಂಡಿರಲಾರರು. ಅರ್ಹತೆ ಕೇಳದ ಕ್ಷಮೆಯಿಂದ ತಾವು ಪಡೆದ ಗುರುತನ್ನು ಸಮಾಜ ಅನರ್ಹರೆಂದು ತೀರ್ಮಾನಿಸಿದ್ದವರಿಗೆ ಅವರು ಹಂಚಿದರು. ದುಡಿದು ಉಣ್ಣುವ ಕೈ, ಓದಬಲ್ಲ ಕಣ್ಣು, ಹಂಗಿಲ್ಲದ ಸೂರು ಇವು ಆ ಗುರುತಿನ ಲೌಕಿಕ ರೂಪಗಳು. ಸುಧಾರಕಿ ರಮಾಬಾಯಿ ಮತ್ತು ಸುವಾರ್ತಿಕ ರಮಾಬಾಯಿ ಎಂಬ ವಿಭಜನೆ ಇಲ್ಲಿ ಅರ್ಥ ಕಳೆದುಕೊಳ್ಳುತ್ತದೆ. ಆದರೆ ಬರದಿಂದ ಬದುಕುಳಿದ ನಿರ್ಗತಿಕರಿಗೆ ಆಶ್ರಯದ ಜೊತೆಯಲ್ಲಿಯೇ ಧರ್ಮವನ್ನೂ ನೀಡುವಾಗ ಆಯ್ಕೆಯ ಸ್ವಾತಂತ್ರ್ಯ ಎಷ್ಟರಮಟ್ಟಿಗೆ ಉಳಿದಿತ್ತು ಎಂಬ ಪ್ರಶ್ನೆಯನ್ನೂ ಸಂಶೋಧಕರು ಕೈಬಿಡುವಂತಿಲ್ಲ. ಸ್ವತಃ ಎಂಟು ವರ್ಷ ಕಾದು, ವಾದಿಸಿ, ಸಂದೇಹಪಟ್ಟು ನಂಬಿಕೆಗೆ ಬಂದವರ ಸಂಸ್ಥೆಯಲ್ಲಿ ಈ ಪ್ರಶ್ನೆ ಇನ್ನಷ್ಟು ತೀಕ್ಷ್ಣವಾಗುತ್ತದೆ.

1905ರ ಜೂನ್ ಕೊನೆಯಲ್ಲಿ ಮುಕ್ತಿಯಲ್ಲಿ ಉಜ್ಜೀವನವೆಂದು ಕರೆಯಲಾಗುವ ಸಾಮೂಹಿಕ ಅನುಭವ ಕಾಣಿಸಿಕೊಂಡಿತು. ಹುಡುಗಿಯರು ಅತ್ತು, ಪಾಪಗಳನ್ನು ಒಪ್ಪಿಕೊಂಡು, ಎಲ್ಲರೂ ಏಕಕಾಲಕ್ಕೆ ದನಿಯೆತ್ತಿ ಪ್ರಾರ್ಥಿಸಿದರು. ಪಾಶ್ಚಾತ್ಯ ಮಿಷನರಿಗಳಲ್ಲಿ ಕೆಲವರು ಇದನ್ನು ಉನ್ಮಾದವೆಂದು ಶಂಕಿಸಿದರು. ಭಾರತೀಯರು ತಮ್ಮ ಭಾವವನ್ನು ತಮ್ಮದೇ ರೀತಿಯಲ್ಲಿ ದೇವರ ಮುಂದಿಡಲು ಬಿಡಬೇಕೆಂಬುದು ರಮಾಬಾಯಿಯವರ ಉತ್ತರವಾಗಿತ್ತು. ಶಿಲುಬೆಯ ಮೇಲೆ ಸಂಸ್ಕೃತವನ್ನು ಬಯಸಿದ್ದ ಮನಸ್ಸೇ ಇಲ್ಲಿಯೂ ಕೆಲಸ ಮಾಡಿದೆ.

6

ರಮಾಬಾಯಿಯವರ ಕೊನೆಯ ಸುಮಾರು ಹದಿನೈದು ವರ್ಷಗಳು ಬೈಬಲ್ಲಿನ ಮರಾಠಿ ಅನುವಾದದಲ್ಲಿ ಕಳೆದವು. ಬಳಕೆಯಲ್ಲಿದ್ದ ಮರಾಠಿ ಬೈಬಲ್ಲಿನ ಭಾಷೆ ಸಂಸ್ಕೃತಭೂಯಿಷ್ಠವಾಗಿದ್ದು ಹಳ್ಳಿಯ ಹೆಂಗಸರಿಗೆ ದಕ್ಕುತ್ತಿರಲಿಲ್ಲ. ಇದಕ್ಕಾಗಿ ಅವರು ಹೀಬ್ರೂ ಮತ್ತು ಗ್ರೀಕ್ ಭಾಷೆಗಳನ್ನು ಕಲಿತು ಮೂಲದಿಂದಲೇ ಅನುವಾದಿಸಿದರು. ಮುಕ್ತಿಯ ಹೆಂಗಸರೇ ಮೊಳೆ ಜೋಡಿಸಿ ಅಚ್ಚುಹಾಕಿದರು. ಸಮಗ್ರ ಬೈಬಲ್ ಅವರ ಮರಣಾನಂತರ 1924ರಲ್ಲಿ ಹೊರಬಂದಿತು. ಹಿಂದೂ ಧಾರ್ಮಿಕ ಅರ್ಥಚ್ಛಾಯೆಯುಳ್ಳ ಪದಗಳನ್ನು ಅವರು ಈ ಅನುವಾದದಲ್ಲಿ ಆದಷ್ಟು ತೊರೆದರು. ಸಂಸ್ಕೃತದ ಹೆಮ್ಮೆಯಿಂದ ಲ್ಯಾಟಿನ್ನನ್ನು ಎದುರಿಸಿದ್ದ ಪಂಡಿತೆ ಕೊನೆಯಲ್ಲಿ ಸಂಸ್ಕೃತದಿಂದಲೇ ದೂರ ಸರಿದದ್ದು ಮೇಲುನೋಟಕ್ಕೆ ವಿರೋಧಾಭಾಸ. ಅಕ್ಷರವಂಚಿತ ಹೆಣ್ಣಿಗೆ ಅರ್ಥವಾಗದ ಭಾಷೆ ಲ್ಯಾಟಿನ್ ಆದರೇನು, ಸಂಸ್ಕೃತವಾದರೇನು ಎಂಬ ನಿಲುವಿಗೆ ಅವರು ತಲುಪಿದ್ದರೆಂದು ಇದನ್ನು ಅರ್ಥೈಸಬಹುದು. ಆದರೂ ಶತಮಾನಗಳ ಭಕ್ತಿಕಾವ್ಯವನ್ನುಳ್ಳ ಮರಾಠಿಯಿಂದ ಅದರ ಧಾರ್ಮಿಕ ಪದಸಂಪತ್ತನ್ನು ಹೊರಗಿಟ್ಟಾಗ ಅನುವಾದ ಎಷ್ಟನ್ನು ಕಳೆದುಕೊಂಡಿತೆಂಬುದೂ ಪರಿಶೀಲನಾರ್ಹ. ಹೀಗಿದ್ದೂ, ತಮ್ಮ ಸಂಸ್ಥೆಗಿಟ್ಟ ಹೆಸರು ಮಾತ್ರ ಹಳೆಯ ಪರಂಪರೆಯದೇ ಆದ ಮುಕ್ತಿ. ಹೆಣ್ಣಿಗೆ ಇಲ್ಲವೆಂದು ತಾವು ಓದಿದ್ದ ಅದೇ ಪದವನ್ನು ಅವರು ಹೆಣ್ಣುಗಳ ಮನೆಯ ಬಾಗಿಲಿಗೆ ಬರೆದರು.

ಮಗಳು ಮನೋರಮಾಬಾಯಿಯವರ ಮೂಲಕ ಈ ಕೆಲಸ ಕನ್ನಡ ನೆಲಕ್ಕೂ ಬಂದಿತು. 1913ರಲ್ಲಿ, ಆಗ ನಿಜಾಮರ ಸಂಸ್ಥಾನದಲ್ಲಿದ್ದ ಗುಲ್ಬರ್ಗದಲ್ಲಿ ಹುಡುಗಿಯರಿಗಾಗಿ ಶಾಂತಿ ಸದನವೆಂಬ ಶಾಲೆ ಆರಂಭವಾಯಿತು. ತಾಯಿಯ ಉತ್ತರಾಧಿಕಾರಿಯಾಗಬೇಕಾಗಿದ್ದ ಮನೋರಮಾಬಾಯಿಯವರು 1921ರ ಜುಲೈನಲ್ಲಿ ನಿಧನರಾದರು. ಒಂಬತ್ತು ತಿಂಗಳೊಳಗೆ, 1922ರ ಏಪ್ರಿಲ್ 5ರಂದು ರಮಾಬಾಯಿಯವರು ಕೇಡಗಾವ್‌ನಲ್ಲಿ ತೀರಿಕೊಂಡರು.

ಒಟ್ಟಿನಲ್ಲಿ, ರಮಾಬಾಯಿಯವರ ಜೀವನ ಮತಾಂತರದ ಚರ್ಚೆಗೆ ಒಂದು ತಿದ್ದುಪಡಿಯನ್ನು ಸೂಚಿಸುತ್ತದೆ. ದೀಕ್ಷಾಸ್ನಾನದಿಂದ ಅವರಿಗೆ ಸಿಕ್ಕಿದ್ದು ಒಂದು ಸಮುದಾಯದ ಸದಸ್ಯತ್ವ. ಅದನ್ನು ಅವರು ಪ್ರತಿ ಹೆಜ್ಜೆಯಲ್ಲೂ ಪ್ರಶ್ನಿಸಿದರು. ಎಂಟು ವರ್ಷಗಳ ತರುವಾಯ ಸಿಕ್ಕಿದ್ದು ಆತ್ಮದ ಪುನರುದ್ಧಾರ. ಅದನ್ನು ಅವರು ಪ್ರಶ್ನಿಸಲಿಲ್ಲ, ಬದುಕಿ ತೋರಿಸಿದರು. ಮೊದಲನೆಯದನ್ನು ಮಾತ್ರ ನೋಡುವವರಿಗೆ ಅವರು ಬಂಡಾಯಗಾರ್ತಿಯಾಗಿಯೂ ಎರಡನೆಯದನ್ನು ಮಾತ್ರ ನೋಡುವವರಿಗೆ ಸಂತಳಾಗಿಯೂ ಕಾಣುತ್ತಾರೆ. ಪ್ರಶ್ನಿಸುವ ಸ್ವಾತಂತ್ರ್ಯವನ್ನು ಉಳಿಸಿಕೊಂಡಿದ್ದರಿಂದಲೇ ಅವರ ನಂಬಿಕೆ ಅವರದೇ ಆಯಿತು ಎಂಬುದು ಇವೆರಡನ್ನೂ ಕೂಡಿಸಿ ಓದಿದಾಗ ತಿಳಿಯುತ್ತದೆ. ಗಂಗಾಮೂಲದಲ್ಲಿ ಹುಟ್ಟಿ ಮರಾಠಿಯಲ್ಲಿ ಬರೆದ ಈ ವಿದುಷಿಯನ್ನು ನೆರೆಯ ಭಾಷೆಯ ಸುಧಾರಕಿಯೆಂದಷ್ಟೇ ಪರಿಗಣಿಸದೆ, ಕನ್ನಡದ ದೀಕ್ಷೆ ಮತ್ತು ಪುನರ್ಜಾತತ್ವದ ಪರಿಕಲ್ಪನೆಗಳೊಡನೆ ತೌಲನಿಕವಾಗಿ ಅಧ್ಯಯನ ಮಾಡುವ ಅಗತ್ಯವಿದೆ.